ನೋಷನ್‌ನಲ್ಲಿ ಒಂದು ದಾಖಲೆ ಎಲ್ಲಿ ತೆರೆದುಕೊಳ್ಳಬೇಕು

ಕರಡು ತಿದ್ದುವ ಕೆಲಸದಲ್ಲಿ ದಿನಕ್ಕೆ ನಲವತ್ತು ಐವತ್ತು ಸಲ ಒಂದೇ ಜಾತಿಯ ಅನುಮಾನ ಹುಟ್ಟುತ್ತದೆ. ಲೇಖಕರು ಮೊದಲನೆಯ ಅಧ್ಯಾಯದಲ್ಲಿ ‘ಬರಹ’ ಎಂದು ಬರೆದು ಐದನೆಯದರಲ್ಲಿ ‘ಬರೆಹ’ ಎಂದಿರುತ್ತಾರೆ. ಒಂದು ಕಡೆ ‘ಹೊಸ್ತಿಲು’, ಇನ್ನೊಂದು ಕಡೆ ‘ಹೊಸಿಲು’. ‘ಸಂನ್ಯಾಸಿ’, ‘ಸನ್ಯಾಸಿ’ ಎರಡೂ ಒಂದೇ ಪುಟದಲ್ಲಿ ಬಂದಿರುತ್ತವೆ. ಇಂಥವುಗಳಲ್ಲಿ ಕೆಲವು ನೇರವಾದ ತಪ್ಪುಗಳು, ಕೆಲವು ಎರಡೂ ಬಗೆಯಲ್ಲಿ ಬಳಕೆಯಲ್ಲಿರುವ ರೂಪಗಳು. ಎರಡೂ ನಡೆಯುವಲ್ಲಿ ಈ ಪುಸ್ತಕಕ್ಕೆ ಯಾವುದನ್ನು ಹಿಡಿಯುವುದು ಎಂದು ಒಮ್ಮೆ ತೀರ್ಮಾನಿಸಿದ ಮೇಲೆ ಆ ತೀರ್ಮಾನವನ್ನು ಕೊನೆಯ ಪುಟದವರೆಗೂ ಬಿಡದೆ ಪಾಲಿಸಬೇಕು. ಧಾರವಾಡದ ನಮ್ಮ ಪುಟ್ಟ ಪ್ರಕಾಶನದಲ್ಲಿ ಈ ನೆನಪನ್ನು ಕಾಯುವ ಕೆಲಸವನ್ನು ಮೊದಲು ಒಂದು ಉದ್ದನೆಯ ರೂಲು ಪುಸ್ತಕ ಮಾಡುತ್ತಿತ್ತು. ಕಳೆದ ಮೂರು ವರ್ಷಗಳಿಂದ ಅದನ್ನು ನೋಷನ್ ಎಂಬ ಆ್ಯಪ್ ಮಾಡುತ್ತಿದೆ.

ನೋಷನ್‌ನ ಎಲ್ಲ ಗುಣಗಳನ್ನೂ ಪರಿಚಯಿಸುವುದು ಈ ವಿಮರ್ಶೆಯ ಉದ್ದೇಶವಲ್ಲ. ಅದರ ಡೇಟಾಬೇಸಿನಲ್ಲಿ, ಅಂದರೆ ವಿವರಗಳನ್ನು ಸಾಲು ಸಾಲಾಗಿ ಇಡುವ ಪಟ್ಟಿಯಲ್ಲಿ, ಇರುವ ಒಂದು ದಾಖಲೆಯನ್ನು ಒತ್ತಿದಾಗ ಅದು ತೆರೆಯ ಮೇಲೆ ಯಾವ ಜಾಗದಲ್ಲಿ, ಎಷ್ಟು ಅಗಲಕ್ಕೆ, ಯಾವ ವಿವರಗಳನ್ನು ಮುಂದಿಟ್ಟುಕೊಂಡು ತೆರೆದುಕೊಳ್ಳುತ್ತದೆ, ಮತ್ತು ಅದನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳಲು ಎಷ್ಟರಮಟ್ಟಿಗೆ ಸಾಧ್ಯ ಎಂಬುದಷ್ಟನ್ನೇ ಇಲ್ಲಿ ಹೇಳುತ್ತೇನೆ. ಕೇಳುವುದಕ್ಕೆ ಇದು ಸಣ್ಣ ಸಂಗತಿ. ಆದರೆ ದಿನಕ್ಕೆ ಐವತ್ತು ಸಲ ಮಾಡುವ ಕೆಲಸದಲ್ಲಿ ಸಣ್ಣ ಸಂಗತಿ ಸಣ್ಣದಾಗಿ ಉಳಿಯುವುದಿಲ್ಲ. ತೆರೆದ ದಾಖಲೆ ಹಸ್ತಪ್ರತಿಯನ್ನು ಮುಚ್ಚಿಬಿಟ್ಟರೆ, ಅದನ್ನು ಮುಚ್ಚಿ ಹಿಂದಿರುಗುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಎಂಬುದೇ ಮರೆತಿರುತ್ತದೆ. ನಾನು ಈ ಸೌಲಭ್ಯವನ್ನು ಅಳೆಯುವುದು ಇದೊಂದೇ ಅಳತೆಗೋಲಿನಿಂದ: ದಾಖಲೆ ತೆರೆದ ಮೇಲೂ ನಾನು ಓದುತ್ತಿದ್ದ ಸಾಲು ನನ್ನ ಕಣ್ಣೆದುರಿಗೇ ಇದೆಯೇ?

ನೋಷನ್ ಬಳಸದವರಿಗಾಗಿ ಒಂದೆರಡು ಮಾತು ಹೇಳಬೇಕು. ಸ್ಯಾನ್ ಫ್ರಾನ್ಸಿಸ್ಕೋದ ನೋಷನ್ ಲ್ಯಾಬ್ಸ್ ಕಂಪನಿ ರೂಪಿಸಿದ ಈ ಆ್ಯಪ್ ಮೊದಲು ಟಿಪ್ಪಣಿ ಬರೆಯುವ ಸಾಧನವಾಗಿತ್ತು. 2018ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಡೇಟಾಬೇಸು ಸೇರಿಕೊಂಡಿತು. ಈ ಡೇಟಾಬೇಸಿನ ವೈಶಿಷ್ಟ್ಯವೆಂದರೆ ಅದರ ಪ್ರತಿಯೊಂದು ಸಾಲೂ, ಅಂದರೆ ಪ್ರತಿ ದಾಖಲೆಯೂ, ಒಂದು ಪೂರ್ಣ ಪುಟವಾಗಿರುತ್ತದೆ. ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲೆಂದರೆ ಹತ್ತು ಮನೆಗಳು ಮಾತ್ರ. ಮನೆಯೊಳಗೆ ಹಿಡಿಸುವಷ್ಟನ್ನೇ ಬರೆಯಬೇಕು. ನೋಷನ್‌ನಲ್ಲಿ ಆ ಸಾಲನ್ನು ತೆರೆದರೆ ಮೇಲೆ ಮನೆಗಳಲ್ಲಿದ್ದ ವಿವರಗಳು, ಕೆಳಗೆ ಎಷ್ಟು ಬೇಕಾದರೂ ಬರೆಯಬಹುದಾದ ಖಾಲಿ ಜಾಗ ಎರಡೂ ಸಿಗುತ್ತವೆ. ನಮ್ಮ ಪದಪಟ್ಟಿಗೆ ಇದು ಹೇಳಿ ಮಾಡಿಸಿದ ಹಾಗಿದೆ, ಏಕೆಂದರೆ ಒಂದು ಪದದ ಬಗ್ಗೆ ‘ಸರಿ’, ‘ತಪ್ಪು’ ಎಂದಷ್ಟೇ ಬರೆದರೆ ಸಾಲದು, ಏಕೆ ಎಂಬುದನ್ನೂ ಬರೆದಿಡಬೇಕಾಗುತ್ತದೆ.

ಸಾಲು ಪುಟವೂ ಆಗಿರುವುದರಿಂದಲೇ ಅದು ಎಲ್ಲಿ ತೆರೆದುಕೊಳ್ಳಬೇಕು ಎಂಬ ಪ್ರಶ್ನೆ ಹುಟ್ಟುತ್ತದೆ. ಇದಕ್ಕೆ ನೋಷನ್ 2022ರಿಂದ ಮೂರು ಉತ್ತರಗಳನ್ನು ಕೊಟ್ಟಿದೆ. ಮೊದಲನೆಯದು ಸೈಡ್ ಪೀಕ್: ದಾಖಲೆ ತೆರೆಯ ಬಲಭಾಗದಲ್ಲಿ ತೆರೆದುಕೊಳ್ಳುತ್ತದೆ, ಪಟ್ಟಿ ಎಡಭಾಗದಲ್ಲಿ ಹಾಗೆಯೇ ಉಳಿಯುತ್ತದೆ. ಎರಡನೆಯದು ಸೆಂಟರ್ ಪೀಕ್: ದಾಖಲೆ ತೆರೆಯ ನಡುವೆ ಒಂದು ಚೌಕಟ್ಟಿನಂತೆ ಎದ್ದು ನಿಲ್ಲುತ್ತದೆ, ಹಿಂದಿನದೆಲ್ಲ ಮಬ್ಬಾಗುತ್ತದೆ. ಮೂರನೆಯದು ಫುಲ್ ಪೇಜ್: ಪಟ್ಟಿ ಪೂರ್ತಿ ಮರೆಯಾಗಿ ದಾಖಲೆಯೊಂದೇ ತೆರೆಯನ್ನು ತುಂಬುತ್ತದೆ. ನಮ್ಮ ಕಚೇರಿಯಲ್ಲಿ ನಾವು ಮೂವರು ಇವನ್ನು ಪಕ್ಕದ ಇಣುಕು, ನಡುವಿನ ಇಣುಕು, ಪೂರ್ಣ ಪುಟ ಎಂದು ಕರೆದುಕೊಂಡು ಬಂದಿದ್ದೇವೆ. ಇಲ್ಲಿಯೂ ಅದೇ ಹೆಸರುಗಳನ್ನು ಬಳಸುತ್ತೇನೆ. ಬದಲಾಯಿಸುವ ದಾರಿಯೂ ಸುಲಭ. ಡೇಟಾಬೇಸಿನ ಬಲ ಮೇಲ್ತುದಿಯಲ್ಲಿರುವ ವ್ಯೂ ಸೆಟ್ಟಿಂಗ್ಸ್ ತೆರೆದು, ಲೇಔಟ್ ಎಂಬಲ್ಲಿಗೆ ಹೋಗಿ, ‘ಓಪನ್ ಪೇಜಸ್ ಇನ್’ ಎಂಬ ಸಾಲಿನಲ್ಲಿ ಬೇಕಾದುದನ್ನು ಆರಿಸಿದರೆ ಮುಗಿಯಿತು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಉಚಿತ ಯೋಜನೆಯಲ್ಲಿಯೇ ಸಿಗುತ್ತದೆ. ಒಂದೇ ಡೇಟಾಬೇಸನ್ನು ತೆರೆಯ ಮೇಲೆ ತೋರಿಸುವ ಒಂದೊಂದು ಬಗೆಗೂ ನೋಷನ್‌ನಲ್ಲಿ ವ್ಯೂ ಎಂದು ಹೆಸರು. ನಾವು ಏನನ್ನೂ ಮುಟ್ಟದಿದ್ದರೆ ಟೇಬಲ್, ಬೋರ್ಡ್, ಲಿಸ್ಟ್, ಟೈಮ್‌ಲೈನ್ ವ್ಯೂಗಳಲ್ಲಿ ಪಕ್ಕದ ಇಣುಕು, ಗ್ಯಾಲರಿ ಮತ್ತು ಕ್ಯಾಲೆಂಡರ್‌ಗಳಲ್ಲಿ ನಡುವಿನ ಇಣುಕು ತಾನಾಗಿಯೇ ಇರುತ್ತದೆ.

ಪಕ್ಕದ ಇಣುಕಿನ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ದಿನದ ಬಹುಪಾಲು ಅದರ ಜೊತೆಯಲ್ಲಿಯೇ ಕಳೆಯುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಹಸ್ತಪ್ರತಿಯಲ್ಲಿ ‘ಕೂಲಂಕುಷವಾಗಿ ಪರಿಶೀಲಿಸಿದರು’ ಎಂಬ ಸಾಲು ಬರುತ್ತದೆ. ಪದಪಟ್ಟಿಯಲ್ಲಿ ಆ ಪದದ ದಾಖಲೆಯನ್ನು ಹುಡುಕಿ, ಹೆಸರಿನ ಮೇಲೆ ಮೌಸ್ ಒಯ್ದರೆ ‘ಓಪನ್’ ಎಂಬ ಪುಟ್ಟ ಗುಂಡಿ ಕಾಣುತ್ತದೆ. ಅದನ್ನು ಒತ್ತಿದ ಕೂಡಲೇ ಬಲಕ್ಕೆ ‘ಕೂಲಂಕಷ’ ಎಂಬ ದಾಖಲೆ ತೆರೆದುಕೊಳ್ಳುತ್ತದೆ: ಸರಿ ರೂಪ ಕೂಲಂಕಷ, ಕಾಣಸಿಗುವ ತಪ್ಪು ರೂಪ ಕೂಲಂಕುಷ, ಮೂಲ ಸಂಸ್ಕೃತ, ಸ್ಥಿತಿ ‘ತೀರ್ಮಾನವಾಗಿದೆ’. ಅದರ ಕೆಳಗೆ ನಾವು ಬರೆದುಕೊಂಡ ಟಿಪ್ಪಣಿ: ‘ಕೂಲ’ ಎಂದರೆ ದಡ, ‘ಕಷ’ ಎಂದರೆ ಉಜ್ಜುವುದು, ಎರಡೂ ದಡಗಳನ್ನು ಉಜ್ಜಿಕೊಂಡು ಹರಿಯುವ ಹೊಳೆಯ ಚಿತ್ರ ಈ ಪದದಲ್ಲಿದೆ, ಅಂಕುಶಕ್ಕೂ ಇದಕ್ಕೂ ಸಂಬಂಧವಿಲ್ಲ. ಇಷ್ಟನ್ನು ಓದುವಾಗಲೂ ಎಡಭಾಗದಲ್ಲಿ ಪಟ್ಟಿ ಜೀವಂತವಾಗಿಯೇ ಇರುತ್ತದೆ. ಅದನ್ನು ಮೇಲೆ ಕೆಳಗೆ ಸರಿಸಬಹುದು, ಅದರಲ್ಲಿ ಬರೆಯಬಹುದು, ಬೇರೊಂದು ಪದವನ್ನು ಒತ್ತಿದರೆ ಬಲಗಡೆಯ ದಾಖಲೆ ತಾನಾಗಿ ಬದಲಾಗುತ್ತದೆ. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ಗೋಜು ಇಲ್ಲ. ರೂಲು ಪುಸ್ತಕದ ಕಾಲದಲ್ಲಿ ಎಡಗೈ ತೋರುಬೆರಳನ್ನು ಹಸ್ತಪ್ರತಿಯ ಸಾಲಿನ ಮೇಲಿಟ್ಟುಕೊಂಡೇ ಬಲಗೈಯಲ್ಲಿ ಹಾಳೆ ತಿರುವುತ್ತಿದ್ದೆವು. ಆ ತೋರುಬೆರಳಿನ ಕೆಲಸವನ್ನು ಈ ಏರ್ಪಾಡು ಮಾಡುತ್ತದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದಿನ ಬಳಕೆಯೂ ಇದೆ, ಅದನ್ನು ಕಂಡುಕೊಳ್ಳಲು ನನಗೆ ಸುಮಾರು ಒಂದು ವರ್ಷ ಬೇಕಾಯಿತು. ನೋಷನ್‌ನಲ್ಲಿ ಒಂದು ಡೇಟಾಬೇಸನ್ನು ಬೇರೊಂದು ಪುಟದೊಳಗೆ ಕನ್ನಡಿಯಂತೆ ತೋರಿಸಬಹುದು. ಇದಕ್ಕೆ ಲಿಂಕ್ಡ್ ವ್ಯೂ ಎನ್ನುತ್ತಾರೆ. ಈಗ ಪ್ರತಿಯೊಂದು ಅಧ್ಯಾಯವನ್ನೂ ಒಂದು ಪುಟವಾಗಿ ಇಟ್ಟು, ಅದರ ತಲೆಯ ಮೇಲೆ ಪದಪಟ್ಟಿಯ ಕನ್ನಡಿಯೊಂದನ್ನು ಕೂರಿಸಿ, ಈ ಪುಸ್ತಕಕ್ಕೆ ಸಂಬಂಧಿಸಿದ ಪದಗಳು ಮಾತ್ರ ಕಾಣುವಂತೆ ಸೋಸಿ, ಆ ಕನ್ನಡಿಯ ದಾಖಲೆಗಳು ಪಕ್ಕದ ಇಣುಕಿನಲ್ಲಿ ತೆರೆದುಕೊಳ್ಳುವಂತೆ ಮಾಡಿದ್ದೇನೆ. ಹೀಗೆ ಮಾಡಿದ ಮೇಲೆ ಎಡಕ್ಕೆ ಅಧ್ಯಾಯ, ಬಲಕ್ಕೆ ಪದ. ನಡುವೆ ಪಟ್ಟಿಯ ಪುಟಕ್ಕೆ ಹೋಗಿಬರುವ ಅಲೆದಾಟವೇ ತಪ್ಪಿತು. ಒಂದು ಪದವನ್ನು ತೆರೆದಿಟ್ಟುಕೊಂಡು ಅಧ್ಯಾಯವನ್ನು ಕೊನೆಯವರೆಗೆ ಸರಿಸುತ್ತಾ ಹೋದರೂ ಆ ಪದ ಬಲಗಡೆ ಅಲುಗದೆ ನಿಂತಿರುತ್ತದೆ. ‘ಹೊಸ್ತಿಲು’ ಎಂಬ ದಾಖಲೆಯಲ್ಲಿ ‘ನಿರೂಪಣೆಯಲ್ಲಿ ಹೊಸ್ತಿಲು, ಪಾತ್ರಗಳ ಮಾತಿನಲ್ಲಿ ಬಂದರೆ ಹೊಸಿಲು, ಹೊಸಲು ಯಾವುದಿದ್ದರೂ ಊರಿನ ರೂಪವನ್ನು ಮುಟ್ಟಬಾರದು’ ಎಂದು ಬರೆದಿದ್ದೇವೆ. ಇಂಥ ಷರತ್ತುಳ್ಳ ತೀರ್ಮಾನವನ್ನು ಒಮ್ಮೆ ಓದಿ ತಲೆಯಲ್ಲಿಟ್ಟುಕೊಂಡರೆ ಮೂವತ್ತನೆಯ ಪುಟದ ಹೊತ್ತಿಗೆ ಅರ್ಧ ಅಳಿಸಿರುತ್ತದೆ. ಕಣ್ಣೆದುರಿಗೆ ಇದ್ದರೆ ಅಳಿಸುವುದಿಲ್ಲ.

ಪಕ್ಕದ ಇಣುಕಿಗೆ ಮಿತಿಗಳೂ ಇವೆ. ಒಂದು ಸಲಕ್ಕೆ ಒಂದೇ ದಾಖಲೆ ಇಣುಕಬಲ್ಲದು. ‘ಬರಹ’ ಮತ್ತು ‘ಬರವಣಿಗೆ’ ಎಂಬ ಎರಡು ದಾಖಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕೆಂದರೆ ಒಂದನ್ನು ಪೂರ್ಣ ಪುಟವಾಗಿ ಬೇರೊಂದು ಟ್ಯಾಬಿನಲ್ಲಿಯೋ ಕಿಟಕಿಯಲ್ಲಿಯೋ ತೆರೆದುಕೊಳ್ಳಬೇಕಾಗುತ್ತದೆ. ಇನ್ನೊಂದು ಮಿತಿ ತೆರೆಯ ಅಗಲದ್ದು. ಇಣುಕಿನ ಅಂಚನ್ನು ಎಳೆದು ಅಗಲವನ್ನು ಹೆಚ್ಚು ಕಡಿಮೆ ಮಾಡಬಹುದಾದರೂ ಹದಿನಾಲ್ಕು ಅಂಗುಲದ ಲ್ಯಾಪ್‌ಟಾಪಿನಲ್ಲಿ ಎರಡು ಪುಟಗಳಿಗೆ ಜಾಗ ಹಂಚುವುದೆಂದರೆ ಇಬ್ಬರಿಗೂ ಅರೆಹೊಟ್ಟೆ. ಕನ್ನಡದಲ್ಲಿ ಇದು ಹೆಚ್ಚು ಕಾಣುತ್ತದೆ. ನಮ್ಮ ಪದಗಳು ಪ್ರತ್ಯಯಗಳನ್ನು ಅಂಟಿಸಿಕೊಂಡು ಉದ್ದವಾಗುತ್ತವೆ; ‘ತೆರೆದುಕೊಳ್ಳುತ್ತಿರುವುದರಿಂದಲೇ’ ಎಂಬಂಥ ಒಂದು ಪದ ಕಿರಿದಾದ ಸಾಲಿನ ಕೊನೆಯಲ್ಲಿ ಹಿಡಿಸದೆ ಕೆಳಗಿಳಿದಾಗ ಮೇಲಿನ ಸಾಲು ಅರ್ಧಕ್ಕರ್ಧ ಖಾಲಿ ಬಿದ್ದಿರುತ್ತದೆ. ಪುಟದ ಅಕ್ಷರವನ್ನು ಚಿಕ್ಕದು ಮಾಡುವ ‘ಸ್ಮಾಲ್ ಟೆಕ್ಸ್ಟ್’ ಎಂಬ ಆಯ್ಕೆ ಇದೆ; ಅದನ್ನು ಹಾಕಿದರೆ ಸಾಲು ತುಂಬುತ್ತದೆ, ಆದರೆ ‘ಜ್ಯೋತ್ಸ್ನೆ’ ಎಂಬ ಪದದಲ್ಲಿ ತಕಾರದ ಕೆಳಗೆ ಸಕಾರ ಇದೆಯೇ, ಅದರ ಕೆಳಗೆ ನಕಾರ ಇದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. ಕರಡು ತಿದ್ದುವವರಿಗೆ ಒತ್ತಕ್ಷರ ಸ್ಪಷ್ಟವಾಗಿ ಕಾಣದ ಅಕ್ಷರಗಾತ್ರ ಯಾವ ಕಾರಣಕ್ಕೂ ಒಗ್ಗದು. ನಾನು ಕೊನೆಗೆ ಒಂದು ಹಳೆಯ ದೊಡ್ಡ ಮಾನಿಟರನ್ನು ಮೇಜಿನ ಮೇಲೆ ತಂದಿಟ್ಟುಕೊಂಡೆ. ಪಕ್ಕದ ಇಣುಕನ್ನು ಇಡೀ ದಿನ ನೆಚ್ಚಿಕೊಳ್ಳುವವರಿಗೆ ಅಗಲವಾದ ತೆರೆ ಬೇಕು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಡುವಿನ ಇಣುಕಿನ ಬಗ್ಗೆ ನನಗೆ ಬಹುಕಾಲ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಹಿಂದಿನದನ್ನು ಮಬ್ಬು ಮಾಡುತ್ತದೆ, ಹೊರಗಡೆ ಎಲ್ಲಿ ಒತ್ತಿದರೂ ಮುಚ್ಚಿಕೊಳ್ಳುತ್ತದೆ. ಪಕ್ಕದ ಇಣುಕಿನ ಸಾತತ್ಯವೂ ಇಲ್ಲ, ಪೂರ್ಣ ಪುಟದ ವಿಸ್ತಾರವೂ ಇಲ್ಲ ಎಂದೇ ಎಣಿಸಿದ್ದೆ. ಶನಿವಾರದ ಪದಸಭೆ ಈ ಎಣಿಕೆಯನ್ನು ಬದಲಾಯಿಸಿತು. ವಾರವಿಡೀ ಸಿಕ್ಕಿದ, ಇನ್ನೂ ತೀರ್ಮಾನವಾಗದ ಪದಗಳನ್ನು ನಾವು ಮೂವರೂ ಒಂದೇ ತೆರೆಯ ಮುಂದೆ ಕುಳಿತು ಚರ್ಚಿಸುತ್ತೇವೆ. ಆಗ ಪಟ್ಟಿ ಪಕ್ಕದಲ್ಲಿ ಕಾಣುತ್ತಿದ್ದರೆ ಒಬ್ಬರ ಕಣ್ಣು ಮುಂದಿನ ಪದದ ಮೇಲೆ, ಇನ್ನೊಬ್ಬರ ಕಣ್ಣು ಹಿಂದಿನದರ ಮೇಲೆ ಓಡುತ್ತದೆ, ಚರ್ಚೆ ಚದುರುತ್ತದೆ. ನಡುವಿನ ಇಣುಕಿನಲ್ಲಿ ಒಂದೇ ಪದ, ಅದರ ಸುತ್ತ ಮಬ್ಬು. ಎಲ್ಲರೂ ಅದನ್ನೇ ನೋಡುತ್ತಾರೆ. ಜೊತೆಗೆ ಕೀಲಿಮಣೆಯ ಒಂದು ಅನುಕೂಲವಿದೆ. ಇಣುಕು ತೆರೆದಿರುವಾಗ ಕಂಟ್ರೋಲ್, ಶಿಫ್ಟ್, ಜೆ ಮೂರನ್ನೂ ಒಟ್ಟಿಗೆ ಒತ್ತಿದರೆ ಪಟ್ಟಿಯ ಮುಂದಿನ ದಾಖಲೆ ಬರುತ್ತದೆ. ಜೆ ಬದಲು ಕೆ ಒತ್ತಿದರೆ ಹಿಂದಿನದು. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್ ಕೀಲಿ. ಇಪ್ಪತ್ತು ಪದಗಳನ್ನು ಮೌಸ್ ಮುಟ್ಟದೆ ಒಂದಾದ ಮೇಲೊಂದು ತಿರುವುತ್ತ ಹೋಗಬಹುದು. ಈ ಕೀಲಿಗಳು ಪಕ್ಕದ ಇಣುಕಿನಲ್ಲಿಯೂ ಕೆಲಸ ಮಾಡುತ್ತವೆ.

ಪೂರ್ಣ ಪುಟಕ್ಕೆ ಹೆಚ್ಚು ವಿವರಣೆ ಬೇಕಾಗಿಲ್ಲ. ಉದ್ದನೆಯ ಬರವಣಿಗೆಗೆ ಅದೇ ಸರಿ. ನಮ್ಮ ಪುಸ್ತಕಗಳ ಡೇಟಾಬೇಸಿನಲ್ಲಿ ಪ್ರತಿ ಪುಸ್ತಕವೂ ಒಂದು ದಾಖಲೆ. ಅದರೊಳಗೆ ಅಧ್ಯಾಯಗಳು, ಲೇಖಕರಿಗೆ ಕೇಳಬೇಕಾದ ಪ್ರಶ್ನೆಗಳು, ಮುಖಪುಟದ ಕರಡುಗಳು ಎಲ್ಲವೂ ಇರುತ್ತವೆ. ಅದನ್ನು ಇಣುಕಿನಲ್ಲಿ ತೆರೆಯುವುದೆಂದರೆ ದೊಡ್ಡ ಸಾಮಾನನ್ನು ಕಿಟಕಿಯಿಂದ ಒಳಗೆ ತೂರಿಸಿದ ಹಾಗೆ. ಯಾವ ಇಣುಕಿನಿಂದಲಾದರೂ ಮೇಲಿನ ಎಡತುದಿಯ ಬಾಣದ ಗುರುತನ್ನು ಒತ್ತಿ ಪೂರ್ಣ ಪುಟಕ್ಕೆ ಹೋಗಬಹುದು ಎಂಬುದು ನಿಜ. ಆದರೆ ಪ್ರತಿ ಸಲವೂ ಎರಡು ಹೆಜ್ಜೆ ಇಡುವುದಕ್ಕಿಂತ ಆ ಡೇಟಾಬೇಸಿಗೆ ಮೊದಲೇ ಪೂರ್ಣ ಪುಟವನ್ನು ಗೊತ್ತುಮಾಡುವುದು ಲೇಸು.

ಈ ಮೂರೂ ಬಗೆಗಳಿಗಿಂತ ನನಗೆ ಮುಖ್ಯವಾಗಿ ಕಂಡ ಸಂಗತಿ ಬೇರೆ. ತೆರೆಯುವ ಬಗೆಯನ್ನು ನೋಷನ್ ದಾಖಲೆಗೂ ಕಟ್ಟಿಲ್ಲ, ಡೇಟಾಬೇಸಿಗೂ ಕಟ್ಟಿಲ್ಲ; ವ್ಯೂಗೆ ಕಟ್ಟಿದೆ. ಒಂದೇ ಡೇಟಾಬೇಸಿಗೆ ಎಷ್ಟು ವ್ಯೂಗಳನ್ನು ಬೇಕಾದರೂ ಮಾಡಿಕೊಳ್ಳಬಹುದು, ಒಂದೊಂದಕ್ಕೂ ಬೇರೆ ಬೇರೆ ತೆರೆಯುವ ಬಗೆಯನ್ನು ಕೊಡಬಹುದು. ಇದರ ಬೆಲೆ ನಮಗೆ ಗೊತ್ತಾದದ್ದು ಒಂದು ಸಣ್ಣ ಗೊಂದಲದಿಂದ. ಪುಟವಿನ್ಯಾಸ ಮಾಡುವ ನಮ್ಮ ಸಹೋದ್ಯೋಗಿ ಒಂದು ಸಂಜೆ ತಮ್ಮ ಅನುಕೂಲಕ್ಕೆಂದು ಪದಪಟ್ಟಿಯನ್ನು ಪೂರ್ಣ ಪುಟಕ್ಕೆ ಬದಲಾಯಿಸಿದರು. ಮರುದಿನ ಬೆಳಿಗ್ಗೆ ನಾನು ಪದವೊಂದನ್ನು ತೆರೆದಾಗ ಪಟ್ಟಿಯೇ ಮಾಯವಾಯಿತು. ವ್ಯೂ ಎಂಬುದು ಹಂಚಿಕೊಂಡ ಸ್ವತ್ತು, ಅದರಲ್ಲಿ ಒಬ್ಬರು ಮಾಡಿದ ಬದಲಾವಣೆ ಎಲ್ಲರಿಗೂ ಅನ್ವಯಿಸುತ್ತದೆ ಎಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಅಂದು ಮಧ್ಯಾಹ್ನವೇ ಕುಳಿತು ಒಂದು ಪಟ್ಟಿಯನ್ನು ಮೂರು ವ್ಯೂಗಳಾಗಿ ಒಡೆದೆವು. ‘ತಿದ್ದುವಾಗ’ ಎಂಬುದು ಟೇಬಲ್, ಪಕ್ಕದ ಇಣುಕು, ತೀರ್ಮಾನವಾದ ಪದಗಳು ಮಾತ್ರ. ‘ಸಭೆಗೆ’ ಎಂಬುದು ಲಿಸ್ಟ್, ನಡುವಿನ ಇಣುಕು, ಚರ್ಚೆಯಲ್ಲಿರುವ ಪದಗಳು ಮಾತ್ರ. ‘ಬರೆಯುವಾಗ’ ಎಂಬುದು ಹೊಸ ಪದಕ್ಕೆ ಟಿಪ್ಪಣಿ ಬರೆಯುವವರಿಗೆ, ಪೂರ್ಣ ಪುಟ. ಒಂದೇ ‘ಕೂಲಂಕಷ’ ದಾಖಲೆ ಯಾವ ಬಾಗಿಲಿನಿಂದ ಹೋದೆವು ಎಂಬುದರ ಮೇಲೆ ಬೇರೆ ಬೇರೆ ಅಳತೆಯಲ್ಲಿ ತೆರೆದುಕೊಳ್ಳುತ್ತದೆ. ವ್ಯೂಗಳಿಗೆ ಟೇಬಲ್, ಲಿಸ್ಟ್ ಎಂದು ಆಕಾರದ ಹೆಸರಿಡುವ ಬದಲು ಮಾಡುವ ಕೆಲಸದ ಹೆಸರಿಡುವ ಅಭ್ಯಾಸ ನಮಗೆ ಅಂದಿನಿಂದ ಬಂತು, ಅದರಿಂದ ಒಳ್ಳೆಯದೇ ಆಗಿದೆ. ವ್ಯೂಗಳು ಕೈತಪ್ಪಿ ಬದಲಾಗದಂತೆ ಡೇಟಾಬೇಸನ್ನು ಲಾಕ್ ಮಾಡಿಡುವ ಸೌಲಭ್ಯವೂ ಇದೆ. ಲಾಕ್ ಮಾಡಿದ ಮೇಲೂ ದಾಖಲೆಗಳ ಒಳಗೆ ಬರೆಯುವುದಕ್ಕೆ ಅಡ್ಡಿಯಿಲ್ಲ.

ಆದರೂ ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. ಹಂಚಿಕೊಂಡ ವ್ಯೂನಲ್ಲಿಯೇ ‘ನನಗೆ ಮಾತ್ರ ಪೂರ್ಣ ಪುಟ’ ಎಂದು ವೈಯಕ್ತಿಕವಾಗಿ ಗೊತ್ತುಮಾಡಿಕೊಳ್ಳುವಂತಿದ್ದರೆ ಚೆನ್ನಾಗಿತ್ತು. ಸೋಸುವಿಕೆ ಮತ್ತು ಅನುಕ್ರಮದ ವಿಷಯದಲ್ಲಿ ನೋಷನ್ ಈ ಔದಾರ್ಯ ತೋರಿಸುತ್ತದೆ. ನಾನು ಮಾಡಿದ ಬದಲಾವಣೆಯನ್ನು ‘ಎಲ್ಲರಿಗೂ ಉಳಿಸಲೇ’ ಎಂದು ಕೇಳಿ, ಬೇಡವೆಂದರೆ ನನ್ನಷ್ಟಕ್ಕೆ ಇಡುತ್ತದೆ. ತೆರೆಯುವ ಬಗೆಗೆ ಆ ಪ್ರಶ್ನೆ ಬರುವುದಿಲ್ಲ. ಒಬ್ಬರದು ದೊಡ್ಡ ಮಾನಿಟರು, ಇನ್ನೊಬ್ಬರದು ಸಣ್ಣ ಲ್ಯಾಪ್‌ಟಾಪು ಇರುವ ಕಚೇರಿಯಲ್ಲಿ ಇದು ದಿನವೂ ಎದುರಾಗುವ ಅಗತ್ಯ.

ದಾಖಲೆ ಎಲ್ಲಿ ತೆರೆದುಕೊಳ್ಳಬೇಕು ಎಂಬುದು ಒಂದಾದರೆ, ತೆರೆದಾಗ ಮೊದಲು ಏನು ಕಾಣಬೇಕು ಎಂಬುದು ಇನ್ನೊಂದು. ನಮ್ಮ ಪದದಾಖಲೆಗೆ ಹನ್ನೊಂದು ವಿವರಗಳಿವೆ. ಮೊದಲೆಲ್ಲ ಆ ಹನ್ನೊಂದೂ ಶೀರ್ಷಿಕೆಯ ಕೆಳಗೆ ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತಿದ್ದವು, ಟಿಪ್ಪಣಿಯನ್ನು ಕಾಣಲು ಕೆಳಗೆ ಸರಿಸಬೇಕಾಗುತ್ತಿತ್ತು. ಖಾಲಿ ಇದ್ದಾಗ ಮರೆಮಾಡು, ಯಾವಾಗಲೂ ಮರೆಮಾಡು ಎಂಬಷ್ಟೇ ಆಯ್ಕೆಗಳಿದ್ದವು. 2024ರ ಕೊನೆಯ ಭಾಗದಲ್ಲಿ ಬಂದ ಲೇಔಟ್ ಸೌಲಭ್ಯ ಈ ತೊಡಕನ್ನು ಬಿಡಿಸಿತು. ಯಾವುದಾದರೂ ಒಂದು ದಾಖಲೆಯನ್ನು ತೆರೆದು ‘ಕಸ್ಟಮೈಸ್ ಲೇಔಟ್’ ಒತ್ತಿದರೆ, ಮುಖ್ಯವಾದ ನಾಲ್ಕು ವಿವರಗಳವರೆಗೆ ಶೀರ್ಷಿಕೆಯ ಕೆಳಗೆ ಅಡ್ಡಸಾಲಿನಲ್ಲಿ ಪಿನ್ ಮಾಡಿ ನಿಲ್ಲಿಸಬಹುದು; ಉಳಿದವನ್ನು ಪಕ್ಕದ ಒಂದು ಫಲಕಕ್ಕೆ ಸರಿಸಿ, ಬೇಕಾದಾಗ ತೆರೆದು, ಬೇಡವಾದಾಗ ಮುಚ್ಚಿಡಬಹುದು. ನಾವು ಸರಿ ರೂಪ, ತಪ್ಪು ರೂಪ, ಸ್ಥಿತಿ ಈ ಮೂರನ್ನು ಮಾತ್ರ ಪಿನ್ ಮಾಡಿ, ಯಾರು ಸೇರಿಸಿದರು, ಎಂದು ಸೇರಿಸಿದರು, ಯಾವ ಪುಸ್ತಕಗಳಲ್ಲಿ ಬಂದಿದೆ ಮುಂತಾದುದೆಲ್ಲವನ್ನೂ ಫಲಕಕ್ಕೆ ಕಳಿಸಿದೆವು. ಈಗ ಪಕ್ಕದ ಇಣುಕು ತೆರೆದೊಡನೆ ಮೇಲೆ ಮೂರು ವಿವರ, ಅದರ ಬೆನ್ನಿಗೇ ಟಿಪ್ಪಣಿ. ಕಿರಿದಾದ ಇಣುಕಿನಲ್ಲಿ ಈ ಬದಲಾವಣೆ ಎಷ್ಟು ದೊಡ್ಡದು ಎಂಬುದನ್ನು ಬಳಸಿಯೇ ನೋಡಬೇಕು. ಮೂರು ವರ್ಷಗಳಲ್ಲಿ ಈ ಆ್ಯಪ್‌ಗೆ ಬಂದ ಬದಲಾವಣೆಗಳಲ್ಲಿ ನನಗೆ ಅತ್ಯಂತ ಉಪಯೋಗವಾದದ್ದು ಇದೇ.

ಲೇಔಟಿಗೂ ತೆರೆಯುವ ಬಗೆಗೂ ಇರುವ ವ್ಯತ್ಯಾಸವನ್ನು ಹೊಸಬರು ಗಮನದಲ್ಲಿಡಬೇಕು. ತೆರೆಯುವ ಬಗೆ ವ್ಯೂಗೊಂದು. ಲೇಔಟ್ ಮಾತ್ರ ಡೇಟಾಬೇಸಿನ ಎಲ್ಲ ದಾಖಲೆಗಳಿಗೂ ಸೇರಿ ಒಂದೇ. ಸಭೆಯ ವ್ಯೂನಿಂದ ತೆರೆದಾಗ ಒಂದು ಮುಖ, ತಿದ್ದುವ ವ್ಯೂನಿಂದ ತೆರೆದಾಗ ಇನ್ನೊಂದು ಮುಖ ಎಂದು ಮಾಡುವಂತಿಲ್ಲ. ಸಭೆಯಲ್ಲಿ ನಮಗೆ ‘ಯಾರು ಸೇರಿಸಿದರು’ ಎಂಬುದು ಮೇಲೆಯೇ ಕಾಣಬೇಕು, ತಿದ್ದುವಾಗ ಅದು ಬೇಡ. ಇದಕ್ಕೆ ಈಗ ದಾರಿಯಿಲ್ಲ, ಫಲಕವನ್ನು ಪ್ರತಿ ಸಲ ತೆರೆಯುತ್ತೇವೆ. ಟೆಂಪ್ಲೇಟುಗಳ, ಅಂದರೆ ಮೊದಲೇ ಸಿದ್ಧಮಾಡಿಟ್ಟ ಪುಟದ ಮಾದರಿಗಳ, ವಿಷಯದಲ್ಲಿ ಮಾತ್ರ ವ್ಯೂವಿನ ಹಿಡಿತ ಮತ್ತೆ ಬರುತ್ತದೆ. ಹೊಸ ದಾಖಲೆ ಹುಟ್ಟುವಾಗ ಯಾವ ಟೆಂಪ್ಲೇಟನ್ನು ಹೊತ್ತು ಹುಟ್ಟಬೇಕು ಎಂಬುದನ್ನು ಇಡೀ ಡೇಟಾಬೇಸಿಗೂ ಹೇಳಬಹುದು, ಒಂದು ವ್ಯೂಗೆ ಮಾತ್ರವೂ ಹೇಳಬಹುದು. ‘ಬರೆಯುವಾಗ’ ವ್ಯೂನಲ್ಲಿ ಹೊಸ ಪದ ಸೇರಿಸಿದರೆ ‘ಅರ್ಥ’, ‘ರೂಪಭೇದಗಳು’, ‘ನಮ್ಮ ತೀರ್ಮಾನ’, ‘ಕಾರಣ’ ಎಂಬ ನಾಲ್ಕು ತಲೆಬರಹಗಳೊಂದಿಗೆ ಪೂರ್ಣ ಪುಟ ತೆರೆದುಕೊಳ್ಳುತ್ತದೆ. ‘ತಿದ್ದುವಾಗ’ ವ್ಯೂನಲ್ಲಿ ಸೇರಿಸಿದರೆ ಖಾಲಿ ಇಣುಕು, ಏಕೆಂದರೆ ಆಗ ಪದವನ್ನು ಗುರುತು ಹಾಕಿಕೊಂಡು ಮುಂದಕ್ಕೆ ಹೋಗುವುದಷ್ಟೇ ಬೇಕು.

ಕನ್ನಡದವರ ದೃಷ್ಟಿಯಿಂದ ಎರಡು ಮಾತು. ನೋಷನ್‌ನ ಮೆನುಗಳು ಕನ್ನಡದಲ್ಲಿಲ್ಲ. ಮೇಲೆ ಹೇಳಿದ ಆಯ್ಕೆಗಳನ್ನೆಲ್ಲ ಇಂಗ್ಲಿಷಿನಲ್ಲಿಯೇ ಹುಡುಕಿಕೊಳ್ಳಬೇಕು. ನಮ್ಮಲ್ಲಿ ಇಂಗ್ಲಿಷ್ ಅಷ್ಟು ರೂಢಿಯಿಲ್ಲದ ಹಿರಿಯ ಕರಡು ತಿದ್ದುಗರೊಬ್ಬರಿದ್ದಾರೆ, ಅವರಿಗೆ ಯಾವ ಗುಂಡಿ ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಚಿತ್ರ ಬರೆದುಕೊಡಬೇಕಾಯಿತು. ವ್ಯೂಗಳ, ವಿವರಗಳ, ಟೆಂಪ್ಲೇಟುಗಳ ಹೆಸರನ್ನೆಲ್ಲ ಕನ್ನಡದಲ್ಲಿಡಬಹುದಾದ್ದರಿಂದ ಒಮ್ಮೆ ಹೊಂದಿಸಿಟ್ಟ ಮೇಲೆ ದಿನನಿತ್ಯದ ಬಳಕೆ ಬಹುಮಟ್ಟಿಗೆ ಕನ್ನಡದಲ್ಲಿಯೇ ನಡೆಯುತ್ತದೆ. ಇನ್ನೊಂದು ಸಂಗತಿ ಅಕ್ಷರ ಸಂಕೇತದ್ದು. ಅನೇಕ ಲೇಖಕರ ಹಸ್ತಪ್ರತಿಗಳು ಇಂದಿಗೂ ಹಳೆಯ ಆಸ್ಕಿ ಅಕ್ಷರಗಳಲ್ಲಿ, ಅಂದರೆ ರೋಮನ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಅಕ್ಷರಗಳಲ್ಲಿ, ಬರುತ್ತವೆ. ಅದನ್ನು ನೇರವಾಗಿ ಅಂಟಿಸಿದರೆ ದಾಖಲೆ ಯಾವ ಬಗೆಯಲ್ಲಿ ತೆರೆದರೂ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳೇ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಇರುವ ಪದಗಳನ್ನೊಮ್ಮೆ ಕಣ್ಣಾರೆ ನೋಡಿ, ಆಮೇಲೆ ಸೇರಿಸಬೇಕು.

ಹೋಲಿಕೆಗಾಗಿ ಏರ್‌ಟೇಬಲ್ ಎಂಬ ಇನ್ನೊಂದು ಡೇಟಾಬೇಸ್ ಆ್ಯಪನ್ನೂ ನಾನು ಕೆಲವು ತಿಂಗಳು ಬಳಸಿದ್ದೇನೆ. ಅಲ್ಲಿ ಸಾಲಿನ ಮೇಲೆ ನಿಂತು ಸ್ಪೇಸ್ ಕೀಲಿ ಒತ್ತಿದರೆ ಸಾಕು, ದಾಖಲೆ ಹಿಗ್ಗಿ ನಿಲ್ಲುತ್ತದೆ; ಈ ವೇಗ ನನಗೆ ಬಹಳ ಹಿಡಿಸಿತ್ತು. ಇಂಟರ್‌ಫೇಸ್ ಎಂಬ ಭಾಗದಲ್ಲಿ ದಾಖಲೆ ಪಕ್ಕದ ಹಾಳೆಯಾಗಿ ತೆರೆಯಬೇಕೇ, ಇಡೀ ತೆರೆಯನ್ನು ತುಂಬಬೇಕೇ ಎಂದು ಆರಿಸುವ ಅವಕಾಶವೂ ಉಂಟು. ಆದರೆ ಏರ್‌ಟೇಬಲಿನ ದಾಖಲೆ ಎಷ್ಟೇ ಹಿಗ್ಗಿದರೂ ತುಂಬಿಸಬೇಕಾದ ಒಂದು ಅರ್ಜಿ ನಮೂನೆಯಂತೆ ಕಾಣುತ್ತದೆ, ಬರೆಯಬಹುದಾದ ಹಾಳೆಯಂತೆ ಕಾಣುವುದಿಲ್ಲ. ಲೆಕ್ಕ, ದಾಸ್ತಾನು, ಬಿಲ್ಲುಗಳಿಗೆ ಅದು ಒಳ್ಳೆಯದಿರಬಹುದು. ಪದವೊಂದರ ಬಗ್ಗೆ ಎರಡು ಪ್ಯಾರಾ ಬರೆದು, ನಡುವೆ ಒಂದು ಉದಾಹರಣೆ ಸೇರಿಸಿ, ಅದರ ಕೆಳಗೆ ಇನ್ನೊಬ್ಬರು ಅಭಿಪ್ರಾಯ ಬರೆಯುವ ನಮ್ಮಂಥವರಿಗೆ ನೋಷನ್‌ನ ಪುಟವೇ ಹೊಂದುತ್ತದೆ.

ಫೋನಿನಲ್ಲಿ ಈ ಆಯ್ಕೆಗಳಿಗೆ ಅರ್ಥವಿಲ್ಲ. ಅಷ್ಟು ಸಣ್ಣ ತೆರೆಯಲ್ಲಿ ಇಣುಕಲು ಜಾಗವೇ ಇರುವುದಿಲ್ಲವಾದ್ದರಿಂದ ಯಾವ ವ್ಯೂನಿಂದ ಹೋದರೂ ದಾಖಲೆ ಇಡೀ ತೆರೆಯನ್ನು ತುಂಬಿಕೊಂಡೇ ತೆರೆಯುತ್ತದೆ. ಆದರೂ ಅಚ್ಚಿನ ಮನೆಯಲ್ಲಿ ಕೊನೆಯ ಫಾರಂ, ಅಂದರೆ ಹಲವು ಪುಟಗಳು ಒಟ್ಟಿಗೆ ಅಚ್ಚಾದ ಹಾಳೆ, ನೋಡುವಾಗ ನನ್ನ ಕೈಯಲ್ಲಿರುವುದು ಫೋನೇ. 2025ರ ಆಗಸ್ಟಿನಿಂದ ಆಯ್ದ ಪುಟಗಳನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವ ಅನುಕೂಲ ಬಂದಿದೆ. ಅಚ್ಚಿನ ಮನೆಯ ಸಿಗ್ನಲ್ ಸಿಗದ ನೆಲಮಾಳಿಗೆಗೆ ಹೋಗುವ ಮೊದಲು ಆ ಪುಸ್ತಕಕ್ಕೆ ಬೇಕಾದ ಪದಗಳನ್ನು ಫೋನಿಗೆ ಇಳಿಸಿಕೊಳ್ಳುತ್ತೇನೆ. ಅಲ್ಲಿ ಎಡಗೈಯಲ್ಲಿ ಫೋನು, ಬಲಗೈ ತೋರುಬೆರಳು ಮತ್ತೆ ಹಸಿ ಮಸಿಯ ಸಾಲಿನ ಪಕ್ಕದಲ್ಲಿ. ಪಿನ್ ಮಾಡಿದ ಆ ಮೂರು ವಿವರಗಳು ಮೊದಲಿಗೇ ಕಾಣುವುದರಿಂದ, ಬೆರಳು ಎತ್ತುವ ಮೊದಲೇ ಉತ್ತರ ಸಿಕ್ಕಿರುತ್ತದೆ.